‘ಸರ್’ ಮತ್ತು ‘ಲಾರ್ಡ್’: ಬ್ರಿಟನ್ನಿನ ಬಿರುದುಗಳು ಸಿಗುವ ಬಗೆ

ಪ್ರಶ್ನೆ: ನಮಸ್ಕಾರ. ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿ ನೆಲೆಸಿದ್ದೇನೆ. ನಮ್ಮ ಬಡಾವಣೆಯಲ್ಲಿ ಇಲ್ಲದವರಿಗೆ ದಿನಸಿ ಹಂಚುವ ಕೇಂದ್ರವನ್ನು ನಡೆಸುತ್ತಿರುವ, ಇಲ್ಲಿನ ಪ್ರಜೆಯೇ ಆದ ಕನ್ನಡದ ಹಿರಿಯರೊಬ್ಬರಿಗೆ ಸರ್ಕಾರದ ಗೌರವ ಸಿಗಬೇಕೆಂಬ ಆಸೆ ನಮಗಿದೆ. ಈ ನಡುವೆ ಒಬ್ಬ ದಲ್ಲಾಳಿ, ಹಣ ಕೊಟ್ಟರೆ ‘ಲಾರ್ಡ್’ ಪದವಿಯನ್ನೇ ಕೊಡಿಸುತ್ತೇನೆ ಎನ್ನುತ್ತಿದ್ದಾನೆ. ಈ ಬಿರುದುಗಳನ್ನು ನಿಜವಾಗಿ ಯಾರು, ಹೇಗೆ ಕೊಡುತ್ತಾರೆ? ವಕೀಲರು ದಯವಿಟ್ಟು ತಿಳಿಸಬೇಕು.

ಉತ್ತರ (ಲಂಡನ್ನಿನ ವಕೀಲ): ನಮಸ್ಕಾರ ಮೇಡಂ. ಮೊದಲು ದಲ್ಲಾಳಿಯ ವಿಷಯ. ಲಾಯ್ಡ್ ಜಾರ್ಜ್ ಪ್ರಧಾನಿಯಾಗಿದ್ದ ಕಾಲದಲ್ಲಿ ಪಕ್ಷದ ನಿಧಿಗೆ ಹಣ ಕೊಟ್ಟವರಿಗೆ ಬಿರುದುಗಳು ಸಂದದ್ದು ದೊಡ್ಡ ಹಗರಣವಾಗಿ, 1925ರಲ್ಲಿ ಬಿರುದಿನ ಮಾರಾಟವನ್ನು ಅಪರಾಧವೆಂದು ಸಾರುವ ಕಾನೂನು ಬಂದಿತು. ಮಾಂಡಿ ಗ್ರೆಗರಿ ಎಂಬ ದಲ್ಲಾಳಿಗೆ 1933ರಲ್ಲಿ ಅದರಡಿ ಶಿಕ್ಷೆಯೂ ಆಯಿತು. ನಿಮ್ಮ ದಲ್ಲಾಳಿ ಮಾರುತ್ತಿರುವುದು ಬಹುಶಃ ಕಾಗದವನ್ನು. ನನ್ನ ಕಕ್ಷಿದಾರರೊಬ್ಬರು ಕೆಂಪು ಅರಗಿನ ಮುದ್ರೆ ಒತ್ತಿದ ಅಂಥದೊಂದು ಪತ್ರಕ್ಕೆ ಕಟ್ಟು ಹಾಕಿಸಿಕೊಂಡು ಬಂದಿದ್ದರು. ಅದರಲ್ಲಿ ಅವರಿಗೆ ಸಿಕ್ಕಿದ್ದು ಸ್ಕಾಟ್ಲೆಂಡಿನಲ್ಲಿ ಒಂದು ಚಾಪೆ ಹಾಸುವಷ್ಟು ಜಾಗದ ನೆನಪಿನ ಪತ್ರವೇ ಹೊರತು ಪದವಿಯಲ್ಲ.

ನಿಜವಾದ ದಾರಿಗೆ ಶುಲ್ಕವಿಲ್ಲ. ಕ್ಯಾಬಿನೆಟ್ ಆಫೀಸಿಗೆ ಯಾರು ಬೇಕಾದರೂ ಇನ್ನೊಬ್ಬರ ಹೆಸರನ್ನು ಸೂಚಿಸಬಹುದು. ಅರ್ಜಿಯ ಜೊತೆಗೆ, ಆ ವ್ಯಕ್ತಿಯ ಕೆಲಸವನ್ನು ಕಣ್ಣಾರೆ ಕಂಡವರಿಂದ ಕನಿಷ್ಠ ಎರಡು ಬೆಂಬಲ ಪತ್ರಗಳು ಬೇಕು. ಆರೋಗ್ಯ, ಶಿಕ್ಷಣ, ಕ್ರೀಡೆ, ಸಮಾಜಸೇವೆ ಎಂದು ಕ್ಷೇತ್ರವಾರು ಇರುವ ಸಮಿತಿಗಳು ಹೆಸರುಗಳನ್ನು ಜರಡಿ ಹಿಡಿಯುತ್ತವೆ. ತೆರಿಗೆ ಇಲಾಖೆಯನ್ನೂ ವಿಚಾರಿಸಲಾಗುತ್ತದೆ. ಅಲ್ಲಿಂದ ಪಟ್ಟಿಯು ಮುಖ್ಯ ಸಮಿತಿಗೂ ಪ್ರಧಾನಿಗೂ ಹೋಗಿ, ಕೊನೆಗೆ ದೊರೆಯ ಒಪ್ಪಿಗೆ ಪಡೆಯುತ್ತದೆ. ಹೊಸ ವರ್ಷಕ್ಕೊಮ್ಮೆ ಮತ್ತು ಜೂನ್‌ನಲ್ಲಿ ಆಚರಿಸುವ ದೊರೆಯ ಅಧಿಕೃತ ಹುಟ್ಟುಹಬ್ಬಕ್ಕೊಮ್ಮೆ ಪಟ್ಟಿಗಳು ಲಂಡನ್ ಗೆಜೆಟ್‌ನಲ್ಲಿ ಪ್ರಕಟವಾಗುತ್ತವೆ. ಅದಕ್ಕೂ ಕೆಲವು ವಾರ ಮೊದಲು, ಕೊಟ್ಟರೆ ಸ್ವೀಕರಿಸುವಿರಾ ಎಂದು ಕೇಳುವ ಗೋಪ್ಯ ಪತ್ರ ಆಯ್ಕೆಯಾದವರ ಮನೆಗೆ ಬರುತ್ತದೆ. ಅರ್ಜಿ ಹಾಕಿದ ಮೇಲೆ ವರ್ಷ, ಒಂದೂವರೆ ವರ್ಷ ಕಾಯಬೇಕಾದೀತು.

ಯಾವ ಗೌರವ ಎಂಬುದನ್ನು ನೀವು ಆರಿಸಲಾಗದು. ಐದನೇ ಜಾರ್ಜ್ 1917ರಲ್ಲಿ ಸ್ಥಾಪಿಸಿದ ‘ಆರ್ಡರ್ ಆಫ್ ದ ಬ್ರಿಟಿಷ್ ಎಂಪೈರ್’ಗೆ ಐದು ಮೆಟ್ಟಿಲುಗಳಿದ್ದು, ಮೇಲಿನ ಎರಡರಲ್ಲಿ ಮಾತ್ರ ‘ಸರ್’ ಅಥವಾ ‘ಡೇಮ್’ ಸಿಗುತ್ತದೆ. ಬಡಾವಣೆಯ ಮಟ್ಟದ ಸೇವೆಗೆ ಹೆಚ್ಚಾಗಿ ಸಲ್ಲುವುದು ಅತಿ ಕೆಳಗಿನ ಮೆಟ್ಟಿಲಾದ ಎಂಬಿಇ, ಇಲ್ಲವೇ ಅದಕ್ಕೆ ಹೊಂದಿಕೊಂಡ ಪದಕ. ಯಾವ ಪಂಗಡಕ್ಕೂ (ಆರ್ಡರ್‌ಗೂ) ಸೇರದ, ಆದರೂ ‘ಸರ್’ ಎನಿಸುವ ‘ನೈಟ್ ಬ್ಯಾಚಲರ್’ ಎಂಬುದು ಇವೆಲ್ಲಕ್ಕಿಂತ ಹಳೆಯದು. ಅದು ಗಂಡಸರಿಗೆ ಮಾತ್ರ. ನೈಟ್ ಆಗುವವನು ಹಿಡಿಕೆಯುಳ್ಳ ತಗ್ಗು ಪೀಠದ ಮೇಲೆ ಮೊಣಕಾಲೂರುತ್ತಾನೆ. ದೊರೆ ಕತ್ತಿಯ ಅಲಗನ್ನು ಅವನ ಬಲಭುಜಕ್ಕೂ ಎಡಭುಜಕ್ಕೂ ಮುಟ್ಟಿಸುತ್ತಾರೆ. ‘ಏಳು, ಸರ್ ಇಂಥವನೇ’ ಎಂಬ ಮಾತು ನಾಟಕಗಳಲ್ಲಿ ಮಾತ್ರ ಕೇಳಿಬರುತ್ತದೆ.

ಮರುಪ್ರಶ್ನೆ (ಮೈಸೂರಿನ ಶಿಕ್ಷಕಿ): ನಮ್ಮ ಸರ್ ಎಂ.ವಿ. ಅವರದೂ ಇದೇ ಬಿರುದೇ? ರತನ್ ಟಾಟಾ ಅವರನ್ನು ‘ಸರ್’ ಎನ್ನುವುದಿಲ್ಲವೇಕೆ?

ಉತ್ತರ: ಒಳ್ಳೆಯ ಪ್ರಶ್ನೆ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1915ರಲ್ಲಿ, ಅವರಿಗೆ ಸಂದದ್ದು ಕೆಸಿಐಇ. ಅದು ‘ಇಂಡಿಯನ್ ಎಂಪೈರ್’ ಹೆಸರಿನ ಬೇರೆಯೇ ಪಂಗಡದ್ದು, 1947ರ ನಂತರ ಅದನ್ನು ಹೊಸದಾಗಿ ಯಾರಿಗೂ ಕೊಟ್ಟಿಲ್ಲ. ಸಿ.ವಿ. ರಾಮನ್ ಅವರಿಗೆ 1929ರಲ್ಲಿ ಸಂದದ್ದು ನೈಟ್ ಬ್ಯಾಚಲರ್. ‘ಸರ್’ ಎಂಬುದು ಮನೆತನದ ಹೆಸರಿಗಲ್ಲ, ಸ್ವಂತ ಹೆಸರಿಗೆ ಅಂಟುವ ಪದ. ‘ಸರ್ ಐಸಾಕ್’ ಸರಿ, ‘ಸರ್ ನ್ಯೂಟನ್’ ತಪ್ಪು. ನಮ್ಮಲ್ಲಿ ಊರು ಮುಂದೆ, ಹೆಸರು ಹಿಂದೆ ಆದ್ದರಿಂದ ‘ಸರ್ ವಿಶ್ವೇಶ್ವರಯ್ಯ’ ಎಂದವರನ್ನು ನಾನಂತೂ ತಿದ್ದುವುದಿಲ್ಲ. ಟಾಟಾ ಅವರಿಗೆ 2014ರಲ್ಲಿ ಸಿಕ್ಕ ಜಿಬಿಇ, ಅಂದರೆ ‘ಬ್ರಿಟಿಷ್ ಎಂಪೈರ್’ ಪಂಗಡದ ಅತಿ ಮೇಲಿನ ಮೆಟ್ಟಿಲು, ಅವರು ಭಾರತದ ಪ್ರಜೆಯಾಗಿದ್ದರಿಂದ, ಗೌರವಾರ್ಥದ್ದು. ಅಂಥವರು ಹೆಸರಿನ ಮುಂದೆ ‘ಸರ್’ ಬಳಸುವಂತಿಲ್ಲ. ಭಾರತದ ಪ್ರಜೆಗಳು ವಿದೇಶಿ ಬಿರುದು ಸ್ವೀಕರಿಸಬಾರದೆಂದು ನಮ್ಮ ಸಂವಿಧಾನದ 18ನೇ ವಿಧಿಯೂ ಹೇಳುತ್ತದೆ.

ಮರುಪ್ರಶ್ನೆ (ಅದೇ ಶಿಕ್ಷಕಿ): ಹಾಗಾದರೆ ಲಾರ್ಡ್? ಅದು ಮಗನಿಗೆ ಬರುತ್ತದೆಯೇ?

ಉತ್ತರ: ನೈಟ್ ಪದವಿ ಪಡೆದವರೊಂದಿಗೇ ಮುಗಿಯುತ್ತದೆ. ‘ಸರ್’ ಎಂಬುದು ಮಗನಿಗೆ ಇಳಿಯುವುದು 1611ರಲ್ಲಿ ಆರಂಭವಾದ ಬ್ಯಾರನೆಟ್ ಪದವಿಯಲ್ಲಿ. ಲಾರ್ಡ್ ಪದವಿಯನ್ನು ದೊರೆಯ ಸನ್ನದಿನ ಮೂಲಕ ಕೊಡುತ್ತಾರೆ. ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂಬ ಐದು ದರ್ಜೆಗಳಲ್ಲಿ ಈಗ ಸಾಮಾನ್ಯರಿಗೆ ಸಿಗುವುದು ಕಡೆಯದು, ಅದೂ 1958ರ ಕಾಯಿದೆಯಂತೆ ಜೀವಿತಾವಧಿಗೆ ಮಾತ್ರ. ಅದರೊಂದಿಗೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸ್ಥಾನವೂ ಬರುವುದರಿಂದ ಅದು ಶುದ್ಧ ಗೌರವಕ್ಕಿಂತ ರಾಜಕೀಯ ನೇಮಕವೇ ಸರಿ. ಪ್ರಧಾನಿ ಹೆಸರು ಕೊಡುತ್ತಾರೆ, 2000ದಲ್ಲಿ ರಚಿಸಲಾದ ಆಯೋಗ ಆ ವ್ಯಕ್ತಿಯ ಹಿನ್ನೆಲೆ ಶುದ್ಧವಾಗಿದೆಯೇ ಎಂದು ಪರಿಶೀಲಿಸುತ್ತದೆ. ವಂಶದ ಬಲದಿಂದ ಕುಳಿತಿದ್ದವರಲ್ಲಿ 92 ಮಂದಿಯನ್ನು ಬಿಟ್ಟು ಉಳಿದವರನ್ನು 1999ರ ಕಾನೂನು ಹೊರಗಿಟ್ಟಿತು.

ಮೊದಲು ಪ್ರಶ್ನೆ ಕೇಳಿದ ಮೇಡಂ ಅವರಿಗೆ ಇನ್ನೊಂದು ಮಾತು. ಅರ್ಜಿಯಲ್ಲಿ ‘ಪರೋಪಕಾರಿ, ಸಜ್ಜನ’ ಎಂದು ಬರೆಯುವ ಬದಲು ವಾರಕ್ಕೆ ಎಷ್ಟು ಮನೆಗಳಿಗೆ ದಿನಸಿ ಹೋಗುತ್ತದೆ, ಅವರು ಕೈಹಾಕುವ ಮೊದಲು ಅಲ್ಲಿ ಏನಿತ್ತು ಎಂಬುದನ್ನು ಬರೆಯಿರಿ. ಅವರು ಕೆಲಸದಲ್ಲಿರುವಾಗಲೇ ಕಳುಹಿಸಿ. ಹಿರಿಯರಿಗೆ ಮಾತ್ರ ಈಗಲೇ ಹೇಳಬೇಡಿ.