ಒಂದೇ ಕುರ್ಚಿಯ ಕಟಿಂಗ್ ಶಾಪ್

ಕೋಲಾರದ ಕ್ಲಾಕ್ ಟವರ್ ಹತ್ತಿರ ನಮ್ಮ ಟೀ ಅಂಗಡಿ. ಆರಕ್ಕೆ ಬರ್ತೀನಿ ಅಂದ ಸೀನ ಏಳೂವರೆಗೆ ಬಂದ. ಅವನು ಬೆಂಗಳೂರು ಕಡೆ ಗಾಲ್ಫ್ ಕ್ಯಾಡಿ, ಅಂದರೆ ಆಟಗಾರರ ಬ್ಯಾಗ್ ಹೊತ್ತು ಜೊತೆಗೆ ನಡೆಯೋನು.

"ನಾಲ್ಕು ಗಂಟೇಲಿ ಮುಗಿಯೋ ಆಟ ಐದೂವರೆ ಗಂಟೆ ಎಳೀತು ಗುರು."

"ನಿಂತ ಚೆಂಡಿಗೆ ಹೊಡೆಯೋಕೆ ಅಷ್ಟು ಹೊತ್ತಾ?" ಎಂದರು ಮೇಷ್ಟ್ರು. "ನಿಯಮ ಇಲ್ವೇನೋ?"

"ಇದೆ ಸಾರ್. ಕಳೆದ ಚೆಂಡು ಹುಡುಕೋಕೆ 3 ನಿಮಿಷ ಅಷ್ಟೇ. 2019ಕ್ಕೆ ಮುಂಚೆ 5 ಇತ್ತು. ಒಂದು ಹೊಡೆತಕ್ಕೆ 40 ಸೆಕೆಂಡ್ ಸಾಕು ಅಂತಲೂ ಹೇಳ್ತಾರೆ."

"ಮೂರು ನಿಮಿಷದಲ್ಲಿ ಛತ್ರದ ಮುಂದೆ ನನ್ನ ಚಪ್ಪಲಿ ಕೂಡ ಸಿಗಲ್ಲ," ಎಂದ ಮಂಡಿ ಅಣ್ಣ.

"ಕೇಳಣ್ಣ, ಕ್ಯಾಡಿ ಹುಡುಕೋಕೆ ಶುರು ಮಾಡಿದರೂ ಗಡಿಯಾರ ಓಡುತ್ತೆ. ಅದಕ್ಕೇ ನಮ್ಮ ಸಾಹೇಬರು, 'ನಾನು ಬರೋವರೆಗೆ ಪೊದೆ ಕಡೆ ನೋಡಲೇಬೇಡ' ಅಂತಾರೆ. ನಿಯಮ ಅದಕ್ಕೆ ಅಡ್ಡಿ ಮಾಡಲ್ಲ. ಅವರು ಸಿಗರೇಟು ಮುಗಿಸಿ ಬರೋವರೆಗೆ ನಾನು ಹದ್ದು ಎಣಿಸ್ತಾ ನಿಂತಿದ್ದೆ."

ನಾವು ನಕ್ಕೆವು. ಅವನು ನಗಲಿಲ್ಲ.

"ಸಾಹೇಬರದ್ದು ಬಿಡಿ. ನಿಜವಾದ ತೊಂದರೆ ಪಾರ್ 3, ಅಂದ್ರೆ ಮೂರು ಹೊಡೆತದಲ್ಲಿ ಚೆಂಡು ಗುಂಡಿಗೆ ಬೀಳಬೇಕಾದ ಹೋಲ್. ದೊಡ್ಡ ಹೋಲ್‌ನಲ್ಲಿ ಮುಂದಿನವರು ಎರಡನೇ ಹೊಡೆತ ಹೊಡೆದು ದೂರ ಹೋದರೆ ಹಿಂದಿನವರು ಶುರು ಮಾಡಬಹುದು. ಪಾರ್ 3 ಚಿಕ್ಕದು. ಮೊದಲ ಏಟಿಗೇ ಚೆಂಡು ಗ್ರೀನ್, ಅಂದ್ರೆ ಗುಂಡಿ ಸುತ್ತಲಿನ ನುಣುಪು ಹುಲ್ಲು, ಮುಟ್ಟುತ್ತೆ. ಅಲ್ಲಿರೋರು ಜಾಗ ಬಿಡೋಕೆ ಮುಂಚೆ ಹೊಡೆದರೆ ತಲೆ ಒಡೆಯುತ್ತೆ."

"ಒಂದೇ ಕುರ್ಚಿಯ ಕಟಿಂಗ್ ಶಾಪು," ಎಂದೆ.

"ಹೂಂ. ಆ ಕುರ್ಚಿಗೆ 10 ನಿಮಿಷ ಬೇಕು ಅಂತಿಟ್ಕೊಳ್ಳಿ. ಗೇಟಲ್ಲಿ ಬಿಡೋದು 8 ನಿಮಿಷಕ್ಕೊಂದು ಗುಂಪು."

ಮಂಡಿ ಅಣ್ಣ ಬೆರಳು ಮಡಚಿದ. ಟೊಮೇಟೊ ಬಾಕ್ಸಿನ ಲೆಕ್ಕದಲ್ಲಿ ಅವನನ್ನು ಮೀರಿಸುವವರಿಲ್ಲ. "ಗುಂಪಿಗೆ ಎರಡು ನಿಮಿಷ ಬಾಕಿ. ಹತ್ತನೇ ಗುಂಪು 18 ನಿಮಿಷ ಕಾಯುತ್ತೆ. ಎಷ್ಟು ಓಡಿದರೂ ಅಷ್ಟೇ. ಸೀಸನ್‌ನಲ್ಲಿ ನಾವು ಬೆಳಗಿನ ಜಾವವೇ ಗಾಡಿ ತಂದು ಮಂಡಿ ಗೇಟಲ್ಲಿ ನಿಲ್ಲಿಸಲ್ವಾ? ಬೇಗ ಬಿಟ್ಟರೆ ಬೇಗ ಮುಗಿಯಲ್ಲ ಕಣೋ, ಕ್ಯೂ ಉದ್ದ ಆಗುತ್ತೆ."

ಕ್ಲಬ್ ಮ್ಯಾನೇಜರಿಗೆ ಇದನ್ನು ಹೇಳೋಕೆ ಮಂಡಿಯವನೇ ಬೇಕಾಯಿತು ನೋಡಿ.

"ಪರಿಹಾರ ಇಲ್ವಾ?" ಮೇಷ್ಟ್ರು ಬಿಡಲಿಲ್ಲ.

"ಹೆಚ್ಚು ಅಂತರ ಬಿಡಬೇಕು. ಇಲ್ಲಾ, ಗ್ರೀನ್ ತಲುಪಿದವರು ಪಕ್ಕಕ್ಕೆ ಸರಿದು ಹಿಂದಿನವರಿಗೆ ಕೈ ಬೀಸಿ 'ನೀವು ಹೊಡೀರಿ' ಅನ್ನಬೇಕು. ಅವರು ನಡೆದು ಬರೋಷ್ಟರಲ್ಲಿ ಇವರು ಗುಂಡಿಗೆ ತಳ್ಳಿ ಮುಗಿಸ್ತಾರೆ."

ಟೀ ಅಂಗಡಿಯವನು ಇಷ್ಟೂ ಕೇಳಿಸಿಕೊಂಡಿದ್ದ. ನಾಲ್ಕು ಜನ, ಎರಡು ಬೈ-ಟೂ, ಒಂದೂವರೆ ಗಂಟೆ. ಬೆಂಚಿನ ಹಿಂದೆ ಮೂವರು ನಿಂತಿದ್ದರು. ಅವನು ಅವರಿಗೆ ಕೈ ಬೀಸಿದ.