ಫ್ರೀಲಾನ್ಸ್ ಕೆಲಸ, ಮಗು, ಹಾಕಿ: ಮೂರಕ್ಕೂ ಹೊತ್ತು ಹೇಗೆ?

ಪ್ರಶ್ನೆ (ಮಡಿಕೇರಿ): ಮನೆಯಿಂದಲೇ ಜಿಎಸ್‌ಟಿ ಕನ್ಸಲ್ಟಿಂಗ್ ಮಾಡುತ್ತೇನೆ. ಮಗಳು ಯುಕೆಜಿ, ಮಧ್ಯಾಹ್ನಕ್ಕೇ ಬರುತ್ತಾಳೆ, ಕ್ಲೈಂಟ್ ಫೋನ್ ಬರುವುದೂ ಆಗಲೇ. ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್ಟೂ ಇಲ್ಲ, ಕೆಲಸವೆಲ್ಲ ರಾತ್ರಿಗೆ ಬೀಳುತ್ತದೆ. ಹಾಕಿ ಸ್ಟಿಕ್ ಬೂಷ್ಟು ಹಿಡಿದಿದೆ, ಆಡದೆ ಇರಲು ಆಗುತ್ತಿಲ್ಲ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಉತ್ತರ (ವಿರಾಜಪೇಟೆ): ಅಕ್ಕ, ಗಂಟೆ ಲೆಕ್ಕ ಬಿಡಿ, ತಿಂಗಳಿಗೆ ಇಷ್ಟು ಫೀಸು ಅಂತ ಕ್ಲೈಂಟ್ ಹತ್ತಿರ ಮಾತಾಡಿಕೊಳ್ಳಿ. ತಿಂಗಳ ರಿಟರ್ನ್ 11ಕ್ಕೊಂದು, 20ಕ್ಕೊಂದು, ಆಮೇಲೆ ಸ್ವಲ್ಪ ಬಿಡುವು ಅಲ್ವಾ, ಆಟ ಆಗ ಇಟ್ಟುಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಲ್‌ಗಳನ್ನು ಬೇಗ ಕಳಿಸಿ ಅಂತ ಅವರಿಗೆ ಹೇಳಿ, ಇಲ್ಲಿಯ ಮಳೆ ಬೆಂಗಳೂರಿನವರಿಗೆ ಗೊತ್ತಿರುವುದಿಲ್ಲ.

ಉತ್ತರ (ಗೋಣಿಕೊಪ್ಪ): ಮಗಳನ್ನೂ ಗ್ರೌಂಡಿಗೆ ಕರೆದುಕೊಂಡು ಹೋಗಿ. 1997ರಿಂದ ನಡೆಯುತ್ತಿರುವ ಕೊಡವ ಹಾಕಿ ಹಬ್ಬದಲ್ಲಿ ಹೆಂಗಸರೂ ಮನೆತನದ ಟೀಮಿನಲ್ಲಿ ಆಡುತ್ತಾರೆ. ಸುಮ್ನೆ ಬಿಡಬೇಡಿ.