ದಾವಣಗೆರೆಯಲ್ಲಿ ಒಂದು ವರ್ಷ ಇರೋಕೆ ಅಪಾರ್ಟ್‌ಮೆಂಟೇ ಬೇಕಾ?

ಹೊರದೇಶದಿಂದ ಬಂದು ಮಕ್ಕಳ ಜೊತೆ ಒಂದು ವರ್ಷ ದಾವಣಗೆರೆಯಲ್ಲಿ ಇರಬೇಕು, ಅಪಾರ್ಟ್‌ಮೆಂಟ್ ಬಾಡಿಗೆ ಎಷ್ಟು ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಅಪಾರ್ಟ್‌ಮೆಂಟೇ ಬೇಡ. ಕೆಳಗೆ ಮಾಲೀಕರಿದ್ದು ಮೇಲಿನ ಮಹಡಿ ಬಾಡಿಗೆಗೆ ಕೊಡುತ್ತಾರಲ್ಲ, ಅಂಥ ಮನೆ ಹುಡುಕಿ.

ನಾವಿರುವುದು ವಿದ್ಯಾನಗರದಲ್ಲಿ, ಅಂಥದೇ ಮನೆ. ಎರಡು ಬೆಡ್‌ರೂಮ್, 14 ಸಾವಿರ. ಶಾಮನೂರು ರಸ್ತೆ ಕಡೆ ಲಿಫ್ಟ್ ಇರುವ ಕಟ್ಟಡದಲ್ಲಿ ಅಷ್ಟೇ ಜಾಗಕ್ಕೆ 20 ಹೇಳಿದರು, ಮೇಂಟೆನೆನ್ಸ್ ಬೇರೆ. ಎಂಸಿಸಿ ಬಿ ಬ್ಲಾಕ್ ಕಡೆ ಮೆಡಿಕಲ್ ಕಾಲೇಜು ಹತ್ತಿರ, ನಾಲ್ಕು ಹುಡುಗರು ಸೇರಿ ಬಾಡಿಗೆ ಹಂಚಿಕೊಳ್ಳುತ್ತಾರೆ, ಅವರ ಜೊತೆ ಸಂಸಾರಸ್ಥರು ಪೈಪೋಟಿ ಮಾಡೋಕಾಗಲ್ಲ.

ಡಾಲರ್ ಲೆಕ್ಕದಲ್ಲಿ ನೋಡಿದರೆ ಎಲ್ಲವೂ ಅಗ್ಗವೇ. ಬ್ರೋಕರ್‌ಗೂ ಅದು ಗೊತ್ತು, ಹಾಗಾಗಿ ಮನೆ ನೋಡೋಕೆ ಮೊದಲು ನಿಮ್ಮ ಮಾವನನ್ನೋ ಚಿಕ್ಕಪ್ಪನನ್ನೋ ಕಳಿಸಿ. ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳುತ್ತಾರೆ, ಚೌಕಾಸಿ ಮಾಡಿ, ಇಳಿಯುತ್ತದೆ. ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದಿಷ್ಟು ಮುರಿದುಕೊಳ್ಳುತ್ತಾರೆ, ಅದನ್ನೂ ಮೊದಲೇ ಮಾತಾಡಿಬಿಡಿ. ತಿಂಗಳ ಬಾಡಿಗೆ ಬದಲು ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟಿಡುವ ಲೀಸ್ ಮಾತ್ರ ಸುಮ್ನೆ ಬೇಡ, ಲಕ್ಷಗಟ್ಟಲೆ ದುಡ್ಡು ಅವರ ಹತ್ತಿರ ಕೂತಿರುತ್ತದೆ, ನಿಮ್ಮ ಫ್ಲೈಟ್ ದಿನಕ್ಕೆ ಸರಿಯಾಗಿ ವಾಪಸ್ ಬರುತ್ತೆ ಅನ್ನೋ ನಂಬಿಕೆ ನನಗಿಲ್ಲ. ಸಂಪ್ ಎಷ್ಟು ದೊಡ್ಡದು ಅಂತ ಕೇಳಿ. ನಲ್ಲಿ ನೀರು ದಿನಾ ಬರಲ್ಲ.

ಇನ್ನು ಮಕ್ಕಳ ವಿಷಯ. ನಾವೂ ಹೊರದೇಶದಲ್ಲಿದ್ದಾಗ ಶನಿವಾರದ ಕನ್ನಡ ಕ್ಲಾಸಿಗೆ ದುಡ್ಡು ಕೊಟ್ಟು ಕಳಿಸುತ್ತಿದ್ದೆವು, ಅ ಆ ಇ ಈ ದಾಟಲಿಲ್ಲ. ಇಲ್ಲಿ ಕೆಳಗಿನ ಮನೆಯ ಅಜ್ಜಿ ಟೆರೇಸಿನಲ್ಲಿ ಸಂಡಿಗೆ ಹಾಕಿ ನನ್ನ ಮಗನನ್ನು ಕಾಗೆ ಓಡಿಸೋಕೆ ಕೂರಿಸುತ್ತಾರೆ, ಅವರ ಮೊಮ್ಮಗನ ಜೊತೆ ಇವನು ‘ಲೇ ನನ್ ಬಾಲ್ ಕೊಡಲೇ’ ಅಂತ ಜಗಳಕ್ಕೆ ನಿಲ್ಲುತ್ತಾನೆ. ಭಾಷೆ ಸ್ವಲ್ಪ ಒರಟು, ಇರಲಿ ಬಿಡಿ.

ತೊಂದರೆ ಇಲ್ಲ ಅಂತಲ್ಲ. ನಾನ್‌ವೆಜ್ ಮಾಡ್ತೀರಾ, ನೀವು ಯಾವ ಪೈಕಿ ಅಂತ ಬಾಗಿಲಲ್ಲೇ ಕೇಳುವ ಮಾಲೀಕರಿದ್ದಾರೆ. ನನಗೆ ಅದು ಒಂಚೂರೂ ಹಿಡಿಸಲಿಲ್ಲ, ಎರಡು ಮನೆ ಅದಕ್ಕೇ ಬಿಟ್ಟೆವು. ಅಪಾರ್ಟ್‌ಮೆಂಟ್‌ನಲ್ಲಿ ಈ ಕಾಟ ಕಮ್ಮಿ, ಒಪ್ಪುತ್ತೇನೆ.

ಆದರೆ ಅಪಾರ್ಟ್‌ಮೆಂಟ್ ಮಾಲೀಕರು ಎಷ್ಟೋ ಸಲ ನಿಮ್ಮ ಹಾಗೆ ಹೊರದೇಶದಲ್ಲಿರುತ್ತಾರೆ, ಅಲ್ವಾ? ಮಾಲೀಕರು ಎನ್‌ಆರ್‌ಐ ಆದರೆ ಟಿಡಿಎಸ್, ಅಂದರೆ ಬಾಡಿಗೆ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿದು ಸರ್ಕಾರಕ್ಕೆ ಕಟ್ಟುವುದು ಬಾಡಿಗೆದಾರರ ತಲೆಗೆ ಬರುತ್ತದೆ. ಸಾಮಾನ್ಯವಾಗಿ ಶೇ 31.2. ಬಾಡಿಗೆ ತಿಂಗಳಿಗೆ 50 ಸಾವಿರ ದಾಟದಿದ್ದರೆ ಹಿಡಿಯಬೇಕಿಲ್ಲ ಅಂತಾರಲ್ಲ, ಅದು ಇಲ್ಲೇ ಇರುವ ಮಾಲೀಕರಿಗೆ ಮಾತ್ರ. ನಿಮ್ಮ ಮನೆ ಬಾಡಿಗೆಗೆ ಕೊಟ್ಟು ಹೋಗಿರುವವರೂ ಇದನ್ನು ನೋಡಿಕೊಳ್ಳಿ. ಜೂನ್ ಹೊತ್ತಿಗೆ ಶಾಲೆ ಶುರು, ಅಷ್ಟರಲ್ಲಿ ಒಳ್ಳೆ ಮನೆಗಳು ಹೋಗಿರುತ್ತವೆ, ಮಾರ್ಚ್‌ನಲ್ಲೇ ಯಾರನ್ನಾದರೂ ಓಡಾಡಿಸಿ.